ಅಕ್ಕಿ ನಿಟ್ಟಿನ ಮೇಲೆ ಕಾಲಿಟ್ಟದ್ದು

ಬೆಂಗಳೂರಿನಲ್ಲಿ ಕೆಲಸಕ್ಕೇನು ಬರ ಎಂದು ನನಗೆ ಹೇಳಿದವರಲ್ಲಿ ಒಬ್ಬರೂ ಬೆಂಗಳೂರು ನೋಡಿದವರಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ, ಅಲ್ಲಿ ರೈಲಿನಿಂದ ಇಳಿದವನ ಕೈ ಹಿಡಿದು ಕೆಲಸಕ್ಕೆ ಎಳೆದುಕೊಂಡು ಹೋಗುತ್ತಾರೆ ಎನ್ನುವ ಹಾಗೆ ಮಾತಾಡುತ್ತಿದ್ದರು. ಐವತ್ತರ ದಶಕ ಮುಗಿಯುತ್ತ ಬಂದಿತ್ತು. ತಾಳಗುಂದದ ಹತ್ತಿರ ನಾವು ಅಜ್ಜನ ಕಾಲದಿಂದ ಗೇಣಿಗೆ ಮಾಡುತ್ತಿದ್ದ ಗದ್ದೆಯನ್ನು ಒಡೆಯರು ಬಿಡಿಸಿಕೊಂಡಿದ್ದರು. ಉಳುವವನಿಗೇ ಭೂಮಿ ಸೇರುವ ಕಾನೂನು ಬರುತ್ತದೆ ಎಂದು ಯಾರೋ ಅವರ ಕಿವಿಯಲ್ಲಿ ಊದಿದ್ದರು. ಕಾನೂನು ಬರುವುದಕ್ಕೆ ಮುಂಚೆಯೇ ನಾವು ಗದ್ದೆಯಿಂದ ಹೊರಗೆ ಬಂದಿದ್ದೆವು.

ನನಗೆ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಹೆಂಡತಿ ಸೊರಬದ ಕಡೆಯವಳು. ಮೊದಲ ಆಷಾಢಕ್ಕೆಂದು ತವರಿಗೆ ಹೋದವಳು ದೀಪಾವಳಿ ಕಳೆದರೂ ಬರಲಿಲ್ಲ. ಕರೆಯಲು ಹೋದಾಗ ಮಾವ ಕಾಲು ತೊಳೆಯಲು ನೀರು ಕೊಟ್ಟರು, ಎಲೆ ಹಾಕಿ ಬಡಿಸಿದರು, ಆಮೇಲೆ ಎಲೆಯಡಿಕೆಯ ಕವಳದ ತಟ್ಟೆ ಮುಂದಕ್ಕೆ ಸರಿಸಿ ಮಾತು ತೆಗೆದರು.

“ಅಳಿಯಂದ್ರೇ, ತಪ್ಪು ತಿಳಿಬೇಡಿ. ನಿಮ್ದು ಅಂತ ಒಂದು ಕೆಲ್ಸ ಆಗ್ಲಿ, ನಾನೇ ಕರ್ಕಂಡ್ ಬಂದು ಬಿಡ್ತೀನಿ. ಈಗ ಕರ್ಕಂಡ್ ಹೋಗಿ ಅವಳಿಗೆ ಎಂತ ಹಾಕ್ತೀರಿ?”

ಅವಳು ಬಾಗಿಲ ಹಿಂದೆ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಸಂದಿಯಲ್ಲಿ ಸೀರೆಯ ಅಂಚು ಕಾಣುತ್ತಿತ್ತು. ಮಾವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬರುವುದಕ್ಕೂ ಕೈಯಲ್ಲಿ ಏನಾದರೂ ಇರಬೇಕಲ್ಲ. ಹೆಂಡತಿ ಬೇಕಾದರೆ ಕೆಲಸ ಬೇಕು, ಅಷ್ಟೇ ಅರ್ಥವಾಯಿತು.

ಗೋದಾಮುಗಳ ಸಾಲು ಬೆಂಗಳೂರಿನ ದೊಡ್ಡ ಮಾರುಕಟ್ಟೆಯ ಹಿಂದಿತ್ತು. ಬೆಳಕು ಹರಿಯುವುದರೊಳಗೆ ಲಾರಿಗಳು ಬಂದು ನಿಲ್ಲುತ್ತಿದ್ದವು. ಕೆಲಸವೇನೋ ರಾಶಿ ಇತ್ತು. ಆದರೆ ಒಂದೊಂದು ಗೋದಾಮಿಗೂ ಒಂದೊಂದು ಹಮಾಲರ ಗುಂಪು, ಗುಂಪಿಗೊಬ್ಬ ಮೇಸ್ತ್ರಿ, ಮೇಸ್ತ್ರಿಗೊಂದು ಊರು. ಕೋಲಾರದವರ ಬಾಗಿಲಲ್ಲಿ ಕೋಲಾರದವರು, ಸೇಲಂ ಕಡೆಯವರ ಬಾಗಿಲಲ್ಲಿ ಅವರವರೇ. ಶಿಕಾರಿಪುರದವರ ಬಾಗಿಲು ಎಂಬುದೇ ಅಲ್ಲಿ ಇರಲಿಲ್ಲ. ಸಾಹುಕಾರರನ್ನು ಕೇಳಿದರೆ “ಮೇಸ್ತ್ರಿನ ಕೇಳಪ್ಪ” ಎನ್ನುತ್ತಿದ್ದರು. ಮೇಸ್ತ್ರಿ ತಲೆ ಎತ್ತದೆ “ಯಾರ ಕಡೆಯೋನು?” ಎನ್ನುತ್ತಿದ್ದ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಸುಳ್ಳಲ್ಲ. ಯಾರ ಕಡೆಯವನೂ ಅಲ್ಲದವನು ಬೆಳಗಿನಿಂದ ಸಂಜೆಯವರೆಗೆ ನಿಂತೇ ಇರಬೇಕು. ಗದ್ದೆಯಲ್ಲಿ ದಿನವಿಡೀ ಬಗ್ಗಿದರೂ ಬಾರದ ದಣಿವು ಅಲ್ಲಿ ಸುಮ್ಮನೆ ನಿಂತೇ ಬರುತ್ತಿತ್ತು. ರಾತ್ರಿ ಛತ್ರದ ಜಗಲಿಯಲ್ಲಿ ಮಲಗಿದರೆ ನಿದ್ದೆಯಲ್ಲೂ ನಿಂತಿರುತ್ತಿದ್ದೆ.

ಕೊನೆಗೆ ತಿಪಟೂರು ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬ ನನ್ನನ್ನು ಕರೆದ. ಅವನ ಗುಂಪಿನವನೊಬ್ಬ ಸೊಂಟ ಹಿಡಿದುಕೊಂಡು ಊರಿಗೆ ಹೋಗಿದ್ದ.

“ಮೂಟೆ ಹೊತ್ತು ಗೊತ್ತೈತಾ?” ಎಂದ.

“ಹೊತ್ತಿದೀನಿ ರೀ” ಎಂದೆ. ನಮ್ಮ ಕಡೆಯ ಆ ‘ರೀ’ ಕೇಳಿ ಗುಂಪಿನವರೆಲ್ಲ ನಕ್ಕರು.

ಅದು ಅಕ್ಕಿಯ ಗೋದಾಮು. ಚೀಲಗಳನ್ನು ಒಂದರ ಮೇಲೊಂದು ಸೂರಿನವರೆಗೆ ಪೇರಿಸಿದ್ದರು. ಅದಕ್ಕೆ ನಿಟ್ಟು ಎನ್ನುತ್ತಾರೆ. ಹತ್ತಲು ಏಣಿಯಿಲ್ಲ. ನಿಟ್ಟಿನ ಒಂದು ಬದಿಯನ್ನೇ ಮೆಟ್ಟಿಲಿನ ಹಾಗೆ ಬಿಟ್ಟಿರುತ್ತಾರೆ. ಬೆನ್ನ ಮೇಲೆ ಮೂಟೆ ಹೊತ್ತು, ಕೆಳಗಿನ ಚೀಲಗಳನ್ನು ತುಳಿದುಕೊಂಡು ಮೇಲೇರಬೇಕು. ಭಾರ ನನಗೆ ಹೊಸದಲ್ಲ, ಗಾಡಿಯಿಂದ ಕಣಜಕ್ಕೆ ಬೇಕಾದಷ್ಟು ಹೊತ್ತಿದ್ದೆ. ಆದರೆ ನಾವು ಕಣದೊಳಗೆ ಚಪ್ಪಲಿ ಮೆಟ್ಟಿ ಕಾಲಿಟ್ಟವರಲ್ಲ. ಒಂದು ಕಾಳು ಕಾಲಿಗೆ ತಾಗಿದರೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದನ್ನು ಮಾತು ಬರುವುದಕ್ಕೆ ಮುಂಚೆ ಕಲಿತವರು. ರಾಶಿಯನ್ನು ಎತ್ತು ತುಳಿಯುತ್ತದೆ, ನಿಜ. ಅದು ಬಸವಣ್ಣ, ಅದರ ಮಾತು ಬೇರೆ.

ಮೊದಲ ಚೀಲದ ಮೇಲೆ ಪಾದವಿಟ್ಟೆ. ಒಳಗೆ ಅಕ್ಕಿ ಸರಿದದ್ದು ಅಂಗಾಲಿಗೆ ಗೊತ್ತಾಯಿತು. ಯೋಚಿಸಿ ಮಾಡಿದ್ದಲ್ಲ, ಬಲಗೈ ತಾನಾಗಿಯೇ ಕೆಳಗೆ ಹೋಯಿತು. ಬಗ್ಗಿ ಚೀಲ ಮುಟ್ಟಿದೆ. ಕೈ ಕಣ್ಣಿಗೆ ಬರುವಷ್ಟರಲ್ಲಿ ಬೆನ್ನ ಮೇಲಿನ ಮೂಟೆ ತಲೆಯ ಮೇಲಿಂದ ಜಾರಿ ನೆಲಕ್ಕೆ ಬಿದ್ದು ಬಾಯಿ ಬಿಟ್ಟಿತು. ಅಕ್ಕಿ ಬಾಗಿಲವರೆಗೆ ಚೆಲ್ಲಿತು.

“ಏನ್ಲಾ, ಪೂಜೆ ಮಾಡಕ್ ಬಂದ್ಯಾ?” ಎಂದು ಒಬ್ಬ ಕೂಗಿದ. ಎಲ್ಲರೂ ಚೆಲ್ಲಿದ ಅಕ್ಕಿಯ ಮೇಲೆಯೇ ನಿಂತು ನಕ್ಕರು. ನಾನು ಮಂಡಿಯೂರಿ ಬಾಚತೊಡಗಿದೆ. ಸೊರಬದ ಆ ಬಾಗಿಲ ಸಂದಿಯೇ ಕಣ್ಣ ಮುಂದೆ ಬರುತ್ತಿತ್ತು.

ಮೇಸ್ತ್ರಿ ಮಾತ್ರ ನಗಲಿಲ್ಲ. “ನೀನು ಇಲ್ಲಿಗಾಗಲ್ಲ ಕಣಪ್ಪ. ರೈಲ್ವೆ ಗೂಡ್ಸ್ ಶೆಡ್ ತಾವ ಸಿಮೆಂಟ್ ಗೋಡೌನ್ ಐತೆ, ಅಲ್ಲಿಗೋಗು. ಅಲ್ಲಿ ಯಾವ ಲಕ್ಷ್ಮೀನೂ ಇಲ್ಲ, ಎಷ್ಟ್ ಬೇಕಾದ್ರೂ ತುಳ್ಕೋ” ಎಂದ.

ಸಿಮೆಂಟಿನ ಬಾಗಿಲಲ್ಲಿ ಯಾರ ಕಡೆಯವನು ಎಂದು ಯಾರೂ ಕೇಳಲಿಲ್ಲ. ಬಂದವನು ಬಿಟ್ಟು ಹೋಗದಿದ್ದರೆ ಸಾಕು ಎನ್ನುವಂತಿದ್ದರು. ಯಾಕೆಂದು ವಾರದೊಳಗೆ ತಿಳಿಯಿತು. ಗೋಣಿಚೀಲದ ಕಣ್ಣುಕಣ್ಣಿನಿಂದ ಸೋರಿದ ಪುಡಿ ಬೆವರಿಗೆ ಕಲಸಿ ಕುತ್ತಿಗೆಯ ಮೇಲೆ ಗಟ್ಟಿಯಾಗುತ್ತಿತ್ತು. ಉಜ್ಜಿ ತೊಳೆದರೆ ಚರ್ಮವೂ ಕಿತ್ತು ಬರುತ್ತಿತ್ತು. ಮುದ್ದೆ ಮುರಿದರೆ ಹಲ್ಲಿಗೆ ಕರಕರ. ಕೆಮ್ಮು ನನಗಿಂತ ಮುಂಚೆ ಏಳುತ್ತಿತ್ತು. ಆದರೂ ದಿನಾ ಕೆಲಸವಿತ್ತು. ಒಂದು ವಠಾರದಲ್ಲಿ ಕೋಣೆ ಹಿಡಿದೆ. ಗೂಡ್ಸ್ ಶೆಡ್ ಹತ್ತಿರದ ಗೋದಾಮಿನಲ್ಲಿ ಕಾಯಂ ಕೆಲಸ ಸಿಕ್ಕಿದೆ ಎಂದು ಮಾವನಿಗೆ ಕಾಗದ ಹಾಕಿದೆ.

ಮಾವ ಮಾತಿಗೆ ತಪ್ಪುವವರಲ್ಲ. ಮಗಳನ್ನು ಕರೆದುಕೊಂಡು ರೈಲು ಹತ್ತಿದರು. ರೈಲು ತಡವಾಗಿ, ನಿಲ್ದಾಣದಲ್ಲಿ ಕಾದು ಕಾದು ನಾನು ಕೆಲಸಕ್ಕೆ ಬಂದುಬಿಟ್ಟಿದ್ದೆ. ಅವರು ಕೇಳಿಕೊಂಡು ಗೋದಾಮಿನ ಬಾಗಿಲಿಗೇ ಬಂದರು. ಊಟದ ಹೊತ್ತು. ನಾವೆಲ್ಲ ಗೋಡೆಗೆ ಒರಗಿ ಕೂತಿದ್ದೆವು, ತಲೆಯಿಂದ ಕಾಲಿನವರೆಗೆ ಒಂದೇ ಬೂದಿ ಬಣ್ಣ. ಅವಳು ಒಂದೊಂದೇ ಮುಖ ನೋಡುತ್ತ ಬಂದಳು. ನನ್ನ ಮುಖವನ್ನೂ ನೋಡಿ ಮುಂದಕ್ಕೆ ಹೋದಳು. ಕೂಗೋಣವೆಂದು ಬಾಯಿ ತೆರೆದರೆ ಕೆಮ್ಮು ಬಂತು. ಅಷ್ಟರಲ್ಲಿ ಮಾವ ನನ್ನ ಮುಂದೆಯೇ ಬಗ್ಗಿ ಕೇಳಿದರು:

“ಯಜಮಾನ್ರೇ, ಶಿಕಾರಿಪುರದ ಕಡೆ ಹುಡುಗ ಒಬ್ಬ ಇಲ್ಲಿ ಕೆಲ್ಸ ಮಾಡ್ತಾನಂತಲ್ಲ, ಎಲ್ಲಿದಾನೆ?”

ನಾನು ಎದ್ದು ನಿಂತೆ. ಅವರ ಮುಖ ನೋಡಲಾಗಲಿಲ್ಲ.

ಸಂಜೆ ಕೋಣೆಯಲ್ಲಿ ಮಾವ ಚೀಲದಿಂದ ಎಲೆಯಡಿಕೆ ತೆಗೆದು ಹಾಕಿಕೊಂಡರು. ಆಮೇಲೆ, “ಇದೂ ಒಂದು ಕೆಲ್ಸನಾ ಅಳಿಯಂದ್ರೇ? ನಾಳೆ ರೈಲಿಗೆ ನಾನು ಇವಳನ್ನ ವಾಪಸ್ ಕರ್ಕಂಡ್ ಹೋಗ್ತೀನಿ. ನೀವೂ ಬರೋದಾದ್ರೆ ಬನ್ನಿ” ಎಂದರು. ಬೇರೆ ಯಾವ ಗೋದಾಮೂ ಸಿಗಲಿಲ್ಲವೇ ಎಂದು ಕೇಳಿದರು. ನಾನು ಅಕ್ಕಿಯ ನಿಟ್ಟಿನ ಕತೆ ಹೇಳಿದೆ. ಅವರು ತಲೆದೂಗಿದರು, “ಸರಿನೇ ಮತ್ತೆ, ಅನ್ನ ತುಳಿಯೋಕಾಗ್ತದಾ?” ಎಂದರು.

ಒಲೆಯ ಮುಂದೆ ಕೂತಿದ್ದವಳು ತಂದೆಯ ಎದುರಿಗೆ ಮೊದಲ ಸಲ ಬಾಯಿ ತೆರೆದಳು. “ಅನ್ನಕ್ಕೆ ಕಾಲು ತಾಗ್ಬಾರ್ದು ಅಂತ ಇವ್ರು ಮಣ್ಣು ತಿನ್ಬೇಕಾ ಅಪ್ಪಯ್ಯ?” ಎಂದಳು. ಆಮೇಲೆ ನನ್ನ ಕಡೆ ತಿರುಗಿದಳು. “ನಾಳೆ ಆ ಮೇಸ್ತ್ರಿ ಹತ್ರ ಹೋಗಿ. ನೀವು ಕಾಲಿಡಿ. ಕೈ ನಾನು ಇಲ್ಲಿಂದ ಮುಗೀತೀನಿ. ನಾನು ಎಲ್ಲಿಗೂ ಹೋಗಲ್ಲ.”

ಮರುದಿನ ಮೇಸ್ತ್ರಿಯ ಮುಂದೆ ನಿಂತೆ. ಅವನು ನನ್ನ ಕೆಮ್ಮು ಕೇಳಿಸಿಕೊಂಡು ಬೆನ್ನಿಗೆ ಮೂಟೆ ಕೊಟ್ಟ. ಮೊದಮೊದಲು ಪ್ರತಿ ಹೆಜ್ಜೆಗೂ ಬಲಗೈ ಕೆಳಗೆ ಎಳೆಯುತ್ತಿತ್ತು. ಹಲ್ಲು ಕಚ್ಚಿ ಹತ್ತಿದೆ. ಮಧ್ಯಾಹ್ನದ ಮೇಲೆ ನೋಡಿದರೆ ಕೈ ತನ್ನ ಪಾಡಿಗೆ ಸುಮ್ಮನಿತ್ತು. ನನಗೆ ಗೊತ್ತಾಗದೆಯೇ ಎಲ್ಲರ ಹಾಗೆ ದಡದಡ ತುಳಿದು ಇಳಿಯುತ್ತಿದ್ದೆ.

ಮಾವ ಒಬ್ಬರೇ ಊರಿಗೆ ಹೋದರು. ಸಂಜೆ ಕೋಣೆಗೆ ಬಂದಾಗ ಅವಳು ಬಿಸಿನೀರು ಕಾಸಿಟ್ಟಿದ್ದಳು. ಬೇಕಾದದ್ದೆಲ್ಲ ಸಿಕ್ಕಿತ್ತು. ನನಗೆ ಸಂತೋಷವಾಗಬೇಕಿತ್ತು, ಆಗಲಿಲ್ಲ. ಅವಳು ತಟ್ಟೆಗೆ ಅನ್ನ ಬಡಿಸಿದಾಗ, ಕಾಲುಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಪಂಚೆಯ ಒಳಗೆಳೆದು ಮುಚ್ಚಿಕೊಂಡು ಉಂಡೆ.