ಮೊಮ್ಮಗಳ ಗುರುಗಳ ಕೋಟು

ಸಾವಿರದ ಒಂಬೈನೂರ ಎಂಬತ್ತಾರನೇ ಇಸವಿಯ ವಿಜಯದಶಮಿಯನ್ನು ನಾನು ಅಮೆರಿಕದಲ್ಲಿ ಮಾಡಿದೆ. ನಮ್ಮ ಗದುಗಿನ ಓಣಿಯ ಮಂದಿಗೆ ಇದನ್ನು ಹೇಳಿದರೆ ಈಗಲೂ ಅರ್ಧ ನಂಬುತ್ತಾರೆ, ಅರ್ಧ ನಗುತ್ತಾರೆ. ನಾನು ದರ್ಜಿ ಕೆಲಸದವನು. ಕಲಿತದ್ದು ಕನ್ನಡ ನಾಲ್ಕನೇ ಇಯತ್ತೆ. ಬರೆದದ್ದರಲ್ಲಿ ತಪ್ಪಿದ್ದರೆ ತಾವು ತಿದ್ದಿಕೊಂಡು ಓದಬೇಕು. ಇಷ್ಟು ಸಂತೋಷದ ಸಂಗತಿಯನ್ನು ಹೇಳದೆ ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ನನ್ನಿಂದ ಆಗುವುದಿಲ್ಲ.

ಹೆಂಡತಿ ತೀರಿಕೊಂಡ ಮರುವರ್ಷ ಮಗಳು ಶಾರದಾ ನನ್ನನ್ನು ಸನ್ನಿವೇಲ್‌ನ ತನ್ನ ಮನೆಗೆ ಕರೆಸಿಕೊಂಡಳು. ಅವಳು, ಬೆಂಗಳೂರಿನ ಅಳಿಯ ಪ್ರಸಾದ್, ಇಬ್ಬರೂ ಅಲ್ಲಿ ಇಂಜಿನಿಯರು. ಮೊಮ್ಮಗಳು ಅನುಗೆ ಆಗ ನಾಲ್ಕು ವರ್ಷ. ಬೆಳಗಾದರೆ ಅವರಿಬ್ಬರು ಆಫೀಸಿಗೆ, ಕೂಸು ಡೇಕೇರಿಗೆ. ಮನೆಯಲ್ಲಿ ನಾನು ಮತ್ತು ಫ್ರಿಜ್ಜಿನ ಸಪ್ಪಳ. ಕಿಟಕಿಯಿಂದ ನೋಡಿದರೆ ಕಾರುಗಳು ಕಾಣುತ್ತಿದ್ದವು, ನಡೆದು ಹೋಗುವ ಮನುಷ್ಯರು ಕಾಣುತ್ತಿರಲಿಲ್ಲ. ಜೀವಮಾನವೆಲ್ಲ ಮಶೀನು ತುಳಿದ ಕಾಲು ಊಟಕ್ಕೆ ಕೂತಾಗಲೂ ತಾನೇ ಅಲುಗಾಡುತ್ತಿತ್ತು. ಮನೆಯ ಪರದೆಗಳ ಅಂಚು ಬಿಚ್ಚಿ ಮತ್ತೆ ಹೊಲಿದೆ. ಅವು ಮೊದಲೇ ಚೆನ್ನಾಗಿದ್ದವು. ಹೊತ್ತು ಹೋಗಬೇಕಲ್ಲ.

ಕೂಸಿನದೇ ದೊಡ್ಡ ಸಂಕಟ. ನಾನು ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತಿತ್ತು, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಅದೂ ತಾಯಿಯ ಬೆನ್ನ ಹಿಂದೆ ನಿಂತು. ನನ್ನನ್ನು ಏನಂತಲೂ ಕರೆಯುತ್ತಿರಲಿಲ್ಲ. ನಾನು ಊರಿಗೆ ತಿರುಗಿ ಹೋಗುವ ಮೊದಲು ಇವಳಿಗೆ ಅಕ್ಷರಾಭ್ಯಾಸ ಮಾಡಿಸಬೇಕು ಅಂತ ನನಗೆ ಹಟ ಹಿಡಿಯಿತು. ಅಕ್ಕಿಯ ಮೇಲೆ ಅವಳ ಬೆರಳಿನಿಂದ ಒಂದು ಅಕ್ಷರ ಮೂಡಿದರೆ ಸಾಕು, ಎಲ್ಲಿ ಬೆಳೆದರೂ ನಮ್ಮ ಮನೆಯ ಹುಡುಗಿಯೇ.

ಶಾರದಾ ಕೇಳಲಿಲ್ಲ. “ಅಪ್ಪಾ, ಡೇಕೇರ್‌ದಾಗ ಎಬಿಸಿಡಿ ಎಲ್ಲಾ ಕಲಿಸಿಬಿಟ್ಟಾರ. ಇನ್ನ ಅಭ್ಯಾಸ ಯಾತರದು?” ಎಂದಳು. ನಾನೇ ಕೈ ಹಿಡಿದು ಬರೆಸಬಹುದಿತ್ತು. ಆದರೆ ನನ್ನ ಕೈಯಿಂದ ಶುರುವಾದ ವಿದ್ಯೆ ನಾಲ್ಕನೇ ಇಯತ್ತೆಗೇ ನಿಂತುಬಿಟ್ಟರೆ ಎಂಬ ಭಯ. ಓದಿದವರ ಕೈಯೇ ಬೇಕು.

ಆ ವರ್ಷ ದಶಮಿ ಭಾನುವಾರ ಬಂತು. ಅಳಿಯ, “ಮಾವ, ಬರ್ಕ್ಲಿ ತೋರಿಸ್ತೀನಿ ಬನ್ನಿ. ಇಂಗ್ಲೆಂಡಲ್ಲಿ ಹಳೇ ಯೂನಿವರ್ಸಿಟಿ ಊರುಗಳಿಲ್ವಾ, ಹಾಗೇ ಊರಿಗೆ ಊರೇ ಓದೋರದ್ದು” ಎಂದರು. ಊರಿಗೆ ಊರೇ ಓದುವವರದು ಎಂದ ಮೇಲೆ ನನಗೆ ಇನ್ನೇನು ಬೇಕು. ಚಿತ್ರಾನ್ನದ ಡಬ್ಬಿಯ ಕೆಳಗೆ ಒಂದು ಸ್ಟೀಲಿನ ತಾಟು ಇಟ್ಟೆ. ಕರವಸ್ತ್ರದಲ್ಲಿ ಎರಡು ಬೊಗಸೆ ಅಕ್ಕಿ ಕಟ್ಟಿದೆ. ಯಾರಿಗೂ ಹೇಳಲಿಲ್ಲ.

ನೋಡಬೇಕಾದ ಜಾಗ ಅದು. ದೇವಸ್ಥಾನದಂಥ ಕಲ್ಲಿನ ಕಟ್ಟಡಗಳು, ನಡುವೆ ಹಸಿರು ಹುಲ್ಲು, ಆಕಾಶಕ್ಕೆ ಮುಟ್ಟುವ ಗಂಟೆ ಗೋಪುರ. ನೀಲಗಿರಿ ಮರಗಳ ವಾಸನೆ ಮೂಗಿಗೆ ಬಡಿದಾಗ, ನೆಗಡಿಗೆ ಹೆಂಡತಿ ಹಚ್ಚುತ್ತಿದ್ದ ಎಣ್ಣೆ ನೆನಪಾಗಿ ಕಣ್ಣು ತೇವವಾಯಿತು. ಹುಡುಗ ಹುಡುಗಿಯರು ಹುಲ್ಲಿನ ಮೇಲೆ ಮಲಗಿ ಓದುತ್ತಿದ್ದರು. ಪುಸ್ತಕಕ್ಕೆ ಕಾಲು ತಾಗೀತು ಅಂತ ನನಗೇ ಜೀವ ಮಿಡುಕುತ್ತಿತ್ತು. ಧೋತರ, ಕೋಟು, ಬಿಳಿ ಟೋಪಿಯ ನನ್ನನ್ನು ಯಾರೂ ತಿರುಗಿ ನೋಡಲಿಲ್ಲ. ಅಷ್ಟು ಜನರ ನಡುವೆ ಯಾರ ಕಣ್ಣಿಗೂ ಬೀಳದೆ ನಡೆಯುವುದು ಬೇರೆಯೇ ಒಂದು ಒಂಟಿತನ.

ಗಂಟೆಗಳು ಹೊಡೆಯಲು ಶುರುವಾದವು. ಅನು ಹೆದರಿ ಕಿವಿ ಮುಚ್ಚಿಕೊಂಡಳು, ಗೋಪುರ ಹತ್ತಲು ಒಲ್ಲೆ ಎಂದಳು. ನೀವಿಬ್ಬರೂ ಹೋಗಿ ಬರ್ರಿ, ನಾನು ಇವಳ ಹತ್ತಿರ ಇರುತ್ತೇನೆ ಅಂದೆ. ಅವರು ಹೋದರು.

ಮರದ ಕೆಳಗಿನ ಬೆಂಚಿನಲ್ಲಿ ಒಬ್ಬರು ಕೂತಿದ್ದರು. ಎದೆ ಮುಟ್ಟುವ ಬಿಳಿ ಗಡ್ಡ, ಮೊಣಕಾಲು ದಾಟಿದ ಉಣ್ಣೆಯ ಕೋಟು, ಪಕ್ಕದಲ್ಲಿ ಪುಸ್ತಕಗಳ ಗಂಟು. ಗಂಟೆಯ ಸದ್ದಿಗೂ ತಲೆ ಎತ್ತದೆ ಓದುತ್ತಿದ್ದರು. ನಮ್ಮ ಕಡೆ ದೊಡ್ಡ ಪಂಡಿತರೂ ಹೀಗೇ, ಬಟ್ಟೆಯ ಮೇಲೆ ಗಮನ ಇರುವುದಿಲ್ಲ. ದೇವರೇ ಕಳಿಸಿದ ಅಂದುಕೊಂಡೆ. ಬೂಟು ಬಿಟ್ಟು ಹುಲ್ಲಿನ ಮೇಲೆ ತಾಟು ಇಟ್ಟು ಅಕ್ಕಿ ಹರವಿ, ಬೆರಳಿನಿಂದ ‘ಅ’ ಬರೆದು, ಕೂಸಿಗೆ ಅದನ್ನು ಒಮ್ಮೆ ಓದಿ ಹೇಳಿ, ಗಡ್ಡದವರಿಗೆ ಕೈ ಮುಗಿದು, “ಟೀಚರ್?” ಎಂದೆ.

ಅವರು ನನ್ನನ್ನು ನೋಡಿದರು, ಪುಸ್ತಕ ನೋಡಿದರು, ನಕ್ಕು ಏನೋ ಉದ್ದ ಹೇಳಿದರು. ನನಗೆ ಹೌದು ಎಂದಂತೆ ಕೇಳಿಸಿತು. ಅನುವಿನ ಬೆರಳು ತೋರಿಸಿದೆ, ತಾಟು ತೋರಿಸಿದೆ. ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ಅವರು ಬೆಂಚಿನಿಂದ ಇಳಿದು ಹುಲ್ಲಿನ ಮೇಲೆ ಕೂತರು, ಕೈಯನ್ನು ಕೋಟಿಗೆ ಚೆನ್ನಾಗಿ ಒರೆಸಿಕೊಂಡರು, ಕೂಸಿನ ಬೆರಳನ್ನು ಹೂವು ಹಿಡಿದಂತೆ ಹಿಡಿದು ನಾನು ಬರೆದ ದಾರಿಯಲ್ಲೇ ಮೆಲ್ಲಗೆ ಎಳೆದರು. ಮೂರು ಸಲ. ತಪ್ಪಿದರೆ ಗತಿಯೇನು ಎಂಬಂತೆ ಉಸಿರು ಹಿಡಿದಿದ್ದರು.

ಮುಗಿದ ಮೇಲೆ ಅಕ್ಷರದ ಕಡೆ ಬೆರಳು ಮಾಡಿ ಅನುವನ್ನು ಏನೋ ಕೇಳಿದರು. ಅವಳು ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಅವಳೇ ಗುರುಗಳಿಗೆ ಹೇಳಿಕೊಟ್ಟಳು: “ಅ. ಅಜ್ಜ.” ಹೇಳಿ ನನ್ನ ತೊಡೆಯ ಮೇಲೆ ಕೈ ಇಟ್ಟಳು.

ಆ ಹೊತ್ತಿನಲ್ಲಿ ನನಗಾದ ಸಂತೋಷ ಇಳಿಸಿಡಲು ಈ ಕಾಗದ ಸಾಲದು. ತಿಂಗಳುಗಟ್ಟಲೆ ಒಳಗೆ ಕಟ್ಟಿಕೊಂಡದ್ದೆಲ್ಲ ಸಡಿಲವಾಯಿತು.

ಗುರುಗಳಿಗೆ ಚಿತ್ರಾನ್ನ ಕೊಡೋಣ ಎಂದು ಡಬ್ಬಿ ಚಾಚಿದೆ. ಅವರು ಮುಂದೆ ಬಾಗಿದಾಗ ಕೋಟಿನ ಒಳಜೇಬಿನಿಂದ ಕನ್ನಡಕದ ಪೆಟ್ಟಿಗೆ ಜಾರಿ, ಒಳಪದರದ ಅಸ್ತರಿನೊಳಗೆ ಇಳಿದು, ಕೆಳಗಿನ ಅಂಚಿಗೆ ಬಂದು ನಿಂತಿತು. ಜೇಬು ಪೂರ್ತಿ ಹರಿದಿತ್ತು. ದಕ್ಷಿಣೆ ಏನು ಕೊಡಬೇಕು ಎಂಬುದು ನನ್ನ ಕೈಗೆ ತಾನೇ ತಿಳಿಯಿತು. ನಾವು ದರ್ಜಿಗಳು ಎಲ್ಲಿಗೆ ಹೋದರೂ ಕಾಲರಿನ ಒಳಗೆ ದಾರ ಸುತ್ತಿದ ಸೂಜಿ ಇರುತ್ತದೆ. ಅದನ್ನು ತೆಗೆದು ತೋರಿಸಿ, ಕೋಟು ಬಿಚ್ಚಿ ಕೊಡಿ ಎಂದು ಸನ್ನೆ ಮಾಡಿದೆ. ಅವರು ಬಹಳ ಹೊತ್ತು ಯೋಚಿಸಿದರು. ಒಂದು ಕೋಟು ಕೊಡಲು ಇಷ್ಟೇಕೆ ಯೋಚನೆ ಎಂದು ನನಗೆ ಆಗ ತಿಳಿಯಲಿಲ್ಲ. ಕಡೆಗೆ ಬಿಚ್ಚಿ ಕೊಟ್ಟರು.

ನಾನು ಹೊಲಿಯುತ್ತಿರುವಾಗ ಮಗಳು ಅಳಿಯ ಓಡುತ್ತ ಬಂದರು. ಮೇಲಿನಿಂದ ನೋಡಿದ್ದರಂತೆ. ಅಳಿಯ ಅನುವನ್ನು ಹತ್ತಿರಕ್ಕೆ ಎಳೆದುಕೊಂಡು, ತಗ್ಗಿದ ದನಿಯಲ್ಲಿ, “ಮಾವ, ಇವರು ಪ್ರೊಫೆಸರ್ ಅಲ್ಲ. ಮನೆ ಮಠ ಇಲ್ಲದೆ ಪಾರ್ಕಲ್ಲಿ ಮಲಗೋ ಜನ. ಏಳಿ, ಹೋಗೋಣ” ಎಂದರು.

ನನ್ನ ಸೂಜಿ ನಿಂತಿತು. ಕೂಸಿನ ಮೊದಲ ಅಕ್ಷರವನ್ನು ನಾನೇ ಕೆಡಿಸಿದೆನೇ ಅನಿಸಿತು. ತಲೆ ಎತ್ತಿ ನೋಡಿದೆ. ಕನ್ನಡ ಬಾರದಿದ್ದರೂ ಆ ಮನುಷ್ಯನಿಗೆ ದನಿ ತಿಳಿದಿತ್ತು. ತೆಳು ಅಂಗಿಯಲ್ಲಿ, ಗಾಳಿಯಲ್ಲಿ, ಮುಖ ಆಚೆ ತಿರುಗಿಸಿ ನಿಂತಿದ್ದರು. ಕೋಟು ಕೊಡು ಅಂತಲೂ ಕೇಳಲಿಲ್ಲ. ಬೆರಳಿಗೆ ಇನ್ನೂ ಅಕ್ಕಿಯ ಬಿಳಿ ಧೂಳು ಅಂಟಿತ್ತು. ಹಗಲೆಲ್ಲ ಮಾತಿಗೆ ಯಾರೂ ಇಲ್ಲದೆ ಕೂತವನ ಮುಖ ಹೇಗಿರುತ್ತದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸನ್ನಿವೇಲ್‌ನ ಕನ್ನಡಿಯಲ್ಲಿ ದಿನಾ ನೋಡುತ್ತಿದ್ದೆ.

“ಅಳಿಯಂದಿರ, ಗಂಟು ಹಾಕದ ಬಿಟ್ರ ಹೊಲಿಗಿ ಎಲ್ಲಾ ಬಿಚ್ಚತೈತ್ರಿ,” ಎಂದೆ. “ಒಂದ್ ಚಣ ನಿಂದರ್ರಿ.”

ಶಾರದಾ ಗಂಡನ ತೋಳು ಮುಟ್ಟಿದಳು. ಇಬ್ಬರೂ ನಿಂತರು. ನಾನು ಅವಸರ ಮಾಡಲಿಲ್ಲ. ಎರಡೆಳೆ ದಾರದಲ್ಲಿ ಎರಡು ಸುತ್ತು ಹೊಲಿದೆ, ಗಂಟು ಹಾಕಿ ಹಲ್ಲಿನಿಂದ ದಾರ ಕಡಿದೆ. ಅಸ್ತರಿನಿಂದ ಮೊದಲೇ ತೆಗೆದಿಟ್ಟಿದ್ದ ಕನ್ನಡಕದ ಪೆಟ್ಟಿಗೆಯನ್ನು ಜೇಬಿನಲ್ಲಿಟ್ಟು, ಎದ್ದು ನಿಂತು ಗುರುಗಳಿಗೆ ಕೋಟು ತೊಡಿಸಿದೆ. ಆಗ ಅನು ತಂದೆಯ ಕೈ ಬಿಡಿಸಿಕೊಂಡು ಹೋಗಿ, ಬೆಳಿಗ್ಗೆ ದೇವರ ಮುಂದೆ ನಾನು ನಮಸ್ಕಾರ ಮಾಡಿಸಿದ್ದಂತೆಯೇ ಬಗ್ಗಿ ಅವರ ಬೂಟು ಮುಟ್ಟಿದಳು. ಆ ದೊಡ್ಡ ಮನುಷ್ಯ ಗಾಬರಿಯಾಗಿ ಒಂದು ಹೆಜ್ಜೆ ಹಿಂದೆ ಸರಿದರು. ಆಮೇಲೆ ಕೂಸಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ತಾವೂ ಕೈ ಮುಗಿದರು. ಚಿತ್ರಾನ್ನದ ಡಬ್ಬಿಯನ್ನು ಅಳಿಯನೇ ಎತ್ತಿ ಎರಡೂ ಕೈಯಿಂದ ಅವರಿಗೆ ಕೊಟ್ಟರು.

ವಾಪಸು ಬರುವಾಗ ಫ್ರೀವೇ ಎಂಬ ಹೆದ್ದಾರಿಯ ಉದ್ದಕ್ಕೂ ಅನು ನನ್ನ ಮೊಣಕಾಲಿನ ಮೇಲೆ ‘ಅ’ ಬರೆಯುತ್ತ ಬಂದಳು. ಮುಂದಿನ ಸೀಟಿನಿಂದ ಶಾರದಾ, “ಅಪ್ಪಾ, ಅವರ ಹೆಸರರೆ ಕೇಳಿದೇನು?” ಎಂದಳು. ಗುರುಗಳನ್ನು ಹೆಸರು ಹಿಡಿದು ಕರೆಯುತ್ತಾರೇನವ್ವಾ ಎಂದೆ. ದೇವಸ್ಥಾನದಲ್ಲಿ ಇನ್ನೊಮ್ಮೆ ಶಾಸ್ತ್ರೋಕ್ತ ಮಾಡಿಸೋಣ ಎಂಬ ಮಾತನ್ನು ಅಳಿಯ ಅರ್ಧಕ್ಕೇ ಬಿಟ್ಟರು. ಆಮೇಲೆ ಯಾರೂ ಎತ್ತಲಿಲ್ಲ.

ಈಗ ನಾನು ಗದುಗಿನ ಅಂಗಡಿಯಲ್ಲಿದ್ದೇನೆ. ಹಬ್ಬಕ್ಕೆ ಫೋನು ಬಂದಾಗ ಮೊದಲ ದನಿ ಅನುವಿನದೇ: “ಅಜ್ಜಾ, ಊಟ ಆತೇನು?” ಅಷ್ಟಕ್ಕೆ ನಾನು ಓಣಿಗೆಲ್ಲ ಪೇಡೆ ಹಂಚಿದ್ದೇನೆ. ಇಲ್ಲಿ ಚಳಿ ಶುರುವಾದರೆ ಮಾತ್ರ ಆ ಬೆಂಚು ಕಣ್ಣ ಮುಂದೆ ಬರುತ್ತದೆ. ಅವರು ಎಲ್ಲಿ ಮಲಗುತ್ತಾರೋ, ಯಾರಾದರೂ ಮಾತಾಡಿಸುತ್ತಾರೋ ಇಲ್ಲವೋ, ನನಗೆ ತಿಳಿಯುವ ದಾರಿಯಿಲ್ಲ. ಒಂದು ಮಾತ್ರ ಖಾತ್ರಿ. ಕೋಟಿನ ಉಣ್ಣೆ ಸವೆದರೂ ಸವೆದೀತು, ಆ ಒಳಜೇಬಿನ ಹೊಲಿಗೆ ಬಿಡುವುದಿಲ್ಲ.