ಶಾಕ್ ಹೊಡೆಯದ ನೆಲ

ನೂಲು ಸುತ್ತುವ ಯಂತ್ರ ನೋಡಿಕೊಳ್ಳುವ ಮಾದಮ್ಮ ಹತ್ತಿರ ಬಂದವರೇ ನನ್ನ ಮುಂಗೈ ಮೇಲೆ ಬೆರಳಿಟ್ಟು ನಿಂತರು. ಏನೋ ಆಗಲೆಂದು ಕಾಯುವ ಹಾಗಿತ್ತು. ಏನೂ ಆಗಲಿಲ್ಲ.

ನಂಜನಗೂಡಿನ ಆ ಗಿರಣಿಗೆ ನಮ್ಮ ಕಂಪನಿಯ ಹೊಸ ಪ್ಲಾಸ್ಟಿಕ್ ನೆಲಹಾಸು ಹಾಕಿ ಒಂದು ತಿಂಗಳಾಗಿತ್ತು. ಓಡಾಡುವವರ ಮೈಯಲ್ಲಿ ಸೇರಿಕೊಳ್ಳುವ ವಿದ್ಯುತ್ತನ್ನು ನೆಲಕ್ಕಿಳಿಸುವ ಹಾಸು ಅದು. ಅದನ್ನು ರೂಪಿಸಲು ಮೂರು ವರ್ಷ ನಾನು ಅದರ ಹಿಂದೆಯೇ ಬಿದ್ದಿದ್ದೆ. ಅಂದು ವಿದ್ಯುತ್ ಅಳೆಯುವ ಮೀಟರ್ ಹಿಡಿದು ಹಾಸಿನ ಪರೀಕ್ಷೆಗೆ ಹೋಗಿದ್ದೆ.

“ಈಗ ಯಾರನ್ನ ಮುಟ್ಟಿದ್ರೂ ಶಾಕ್ ಹೊಡೆಯಲ್ಲ, ಅಲ್ವಾ ಮಾದಮ್ಮ?” ಎಂದೆ, ಸ್ವಲ್ಪ ಜಂಬದಿಂದಲೇ.

“ಒಡೆಯಾಕಿಲ್ಲ ಕಣವ್ವ. ಮೊದ್ಲು ಬೆಳಿಗ್ಗೆ ಬಂದೇಟ್ಗೆ ಒಬ್ರನ್ನೊಬ್ರು ಮುಟ್ಟಿ, ಚುರ್ ಅಂದೇಟ್ಗೆ ಎಲ್ರೂ ನಗ್ತಿದ್ವಿ. ಈಗ ಯಾರೂ ಯಾರ್ನೂ ಮುಟ್ಟಾಕಿಲ್ಲ. ಮನೇಲೂ ನಾನೊಬ್ಳೇ ಅಲ್ವಾ,” ಎಂದವರು ಕೈ ತೆಗೆದು ಯಂತ್ರದ ಕಡೆ ನಡೆದರು.

ಮೀಟರ್ ನಮಗೆ ಬೇಕಿದ್ದ ಅಂಕಿಯನ್ನೇ ತೋರಿಸಿತು. ಬರೆದುಕೊಂಡೆ. ಸಂಜೆ ಬಾಡಿಗೆ ಕೋಣೆಯ ಬೀಗ ತೆಗೆಯುತ್ತಾ, ನನ್ನನ್ನು ಕೊನೆಯದಾಗಿ ಮುಟ್ಟಿದವರು ಯಾರೆಂದು ಯೋಚಿಸಿದೆ. ಬೆಳಿಗ್ಗೆ ಮಾದಮ್ಮ ಮುಟ್ಟಿದ್ದರು. ಅದಕ್ಕೂ ಮುಂಚೆ ಯಾರು ಅಂತ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.