ಮುಟ್ಟದೆ ಬೆಳೆಸಿದ ಸಸಿಗಳು

ಮಾಲಿಗೆ ಗಿಡ ಕಂಡರೆ ಕೈ ಸುಮ್ಮನಿರುತ್ತಿರಲಿಲ್ಲ. ಪ್ರಯೋಗಾಲಯದ ಗಾಜಿನ ಮನೆಯ ಬಾಗಿಲು ತೆಗೆದವರೇ ಟೊಮೆಟೊ ಸಸಿಗಳ ಒಂದೊಂದು ಎಲೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ, ಸವರಿ, ಮುಂದೆ ಹೋಗುತ್ತಿದ್ದರು. ಅದಕ್ಕೇ ಕಾವಲುಗಾರ ಅವರಿಗೆ 'ಸವರಪ್ಪ' ಎಂದು ಹೆಸರಿಟ್ಟ. ಈಗ ಅವರಿಲ್ಲ. ಹೆಸರು ಅಲ್ಲೇ ಇದೆ.

ಒಂದು ವರ್ಷ ಪ್ರಯೋಗಾಲಯದ ಮೇಡಂ ಅರ್ಧ ಸಸಿಗಳ ಬೇರಿಗೆ ಸೊರಗು ರೋಗದ ಬ್ಯಾಕ್ಟೀರಿಯಾ ಹಾಕಿದರು. ಉಳಿದರ್ಧಕ್ಕೆ ಬರೀ ನೀರು. ರೋಗ ಹೊಕ್ಕರೆ ಗಿಡ ತನ್ನನ್ನು ಕಾಯಲು ಒಂದು ಕಿಣ್ವ ಹೆಚ್ಚಿಸಿಕೊಳ್ಳುತ್ತದೆ. ಎಲೆ ಅರೆದು ರಸಕ್ಕೆ ರಾಸಾಯನಿಕ ಬೆರೆಸಿದರೆ, ಕಿಣ್ವ ಹೆಚ್ಚಿದ್ದಲ್ಲಿ ಕಂದು ಬಣ್ಣ ಬೇಗ ಏರುತ್ತದೆ. ಬರೀ ನೀರು ಕುಡಿದ ಗಿಡದ ರಸ ತಿಳಿಯಾಗಿ ಉಳಿಯಬೇಕಿತ್ತು. ಎರಡೂ ಕಂದಾದವು.

"ಯಜಮಾನ್ರೇ, ಈ ನೀರಿನ ಗಿಡಗಳಿಗೆ ರೋಗಾನೇ ಇಲ್ಲ. ಆದ್ರೂ ಬಂದಂಗೆ ಆಡ್ತಿವೆ. ದಿನಾ ಏನ್ ಮಾಡ್ತೀರ?"

"ಏನಿಲ್ಲ ಮೇಡಂ. ಧೂಳು ಒರೆಸ್ತೀನಿ."

"ಎಲ್ಲಕ್ಕೂನಾ?"

"ಒಂದಕ್ಕೆ ಒರೆಸಿ ಒಂದಕ್ಕೆ ಬಿಟ್ರೆ ಹೇಗೆ? ಬೇಜಾರು ಮಾಡ್ಕೊಳ್ಳಲ್ವಾ?"

ಮೇಡಂ ತಲೆ ಹಿಡಿದುಕೊಂಡರು. "ದಿನಾ ಉಜ್ಜಿದ್ರೂ ಗಿಡ ಹೆದರ್ಕೊಂಡು ಅದೇ ಕಿಣ್ವ ಹೆಚ್ಚಿಸ್ಕೊಳ್ಳತ್ತೆ. ಬೀಜ ಇರೋದು ಇನ್ನೊಂದು ಸಲಕ್ಕೆ ಮಾತ್ರ. ಅದೂ ಕೆಟ್ರೆ ಈ ಗಾಜಿನ ಮನೆಗೆ ಬೀಗ. ನಿಮ್ಮ ಕೆಲಸಾನೂ ಹೋಗತ್ತೆ."

"ಹಾಗಾದ್ರೆ ಮುಟ್ಟಲ್ಲ" ಎಂದರು ಮಾಲಿ.

ಮನೆಯಲ್ಲಿ ಇದನ್ನು ಕೇಳಿ ಹೆಂಡತಿ ನಕ್ಕಳು. "ನೀವಾ? ಕೈ ಕಟ್ಟಿ ಹಾಕ್ಬೇಕು ಅಷ್ಟೇ."

"ಕಟ್ಟೇ ಕಳಿಸು ಮತ್ತೆ."

ಹೊಸ ಸಸಿ ಎದ್ದವು. ಮೇಡಂ ಮತ್ತೆ ಅರ್ಧಕ್ಕೆ ರೋಗ ಹಾಕಿದರು, ಅರ್ಧಕ್ಕೆ ಬರೀ ನೀರು. ಮಾಲಿ ಉದ್ದ ಕೊಳವೆ ಹಿಡಿದು ದೂರದಿಂದಲೇ ಬುಡಕ್ಕೆ ನೀರು ಬಿಟ್ಟರು. ಅಂಗಿಯ ತೋಳೂ ತಾಗದಂತೆ ಕುಂಡಗಳನ್ನು ಅಗಲಿಸಿ ಇಟ್ಟರು. ಎಲೆಯ ಮೇಲೆ ಧೂಳು ಕೂತಿತು. ಹಲ್ಲು ಕಚ್ಚಿ ನೋಡಿದರು. ಕಾವಲುಗಾರ ಬೇಕೆಂದೇ ಒಂದು ಎಲೆಯತ್ತ ಬೆರಳು ಚಾಚಿದ.

"ಕೈ ಮುರೀತೀನಿ ನೋಡು."

"ಅಯ್ಯಪ್ಪಾ! ಸವರಪ್ಪ ಸನ್ಯಾಸಿ ಆಗ್ಬಿಟ್ಟ!"

ಮಾಲಿ ನಗಲಿಲ್ಲ. ಅವನನ್ನು ಹೊರಗೆ ದಬ್ಬಿ ಚಿಲಕ ಹಾಕಿದರು.

ರಸ ತೆಗೆದ ದಿನ ಮೇಡಂ ಮಾಲಿಯನ್ನು ಪ್ರಯೋಗಾಲಯದೊಳಗೆ ಕರೆದರು. ರೋಗದ ಗಿಡದ ರಸ ನೋಡನೋಡುತ್ತ ಕಂದಾಯಿತು. ನೀರಿನ ಗಿಡದ್ದು ತಿಳಿ ಹಳದಿಯಲ್ಲೇ ನಿಂತಿತು. ಮಾಲಿ ಕಣ್ಣು ಕೀಳಲಿಲ್ಲ. ಅದು ಹಾಗೇ ನಿಂತಿತು.

"ಗೆದ್ವಿ ಯಜಮಾನ್ರೇ. ಇನ್ನು ಬೇಕಾದ್ರೆ ಒರೆಸ್ಕೊಳ್ಳಿ."

"ಬೇಡ ಮೇಡಂ. ಇನ್ನೊಂದ್ಸಲ ತೋರ್ಸಿ ಅಂತ ಯಾರಾದ್ರೂ ಅಂದ್ರೆ?"

ಅಷ್ಟು ಹೇಳಿ, ಉಳಿದ ಸಸಿಗಳಿಗೆ ನೀರು ಬಿಡಲು ಹೋದರು. ದೂರ ನಿಂತೇ ಬಿಟ್ಟರು.